ಕಿರ್ದಿ ಪುಸ್ತಕವೂ ಬರೆವಣಿಗೆಯ ಅಭ್ಯಾಸವೂ

ಕಾಲೇಜಿನಲ್ಲಿ ಓದುತ್ತಿರುವ ನಮ್ಮಲ್ಲಿ ಏನಾದರೂ ಬರೆಯಬೇಕೆಂಬ ಆಸೆ ಇಲ್ಲದವರು ವಿರಳ. ಆದರೆ ಪ್ರತಿದಿನವೂ ಬರೆಯುವವರು ಇನ್ನೂ ವಿರಳ. ಕಾರಣವೇನೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿಯಿಂದ ಬರುವ ಉತ್ತರ ಒಂದೇ: "ಪುರುಸೊತ್ತಿಲ್ಲ." ಈ ಉತ್ತರವು ಸುಳ್ಳೆಂದು ಹೇಳಲು ನಾನು ಹೊರಟಿಲ್ಲ. ನಮ್ಮದು ಸರಕಾರಿ ಕಾಲೇಜು. ಇಲ್ಲಿ ಮುಂಜಾನೆ ಮನೆಮನೆಗೆ ಹಾಲು ಹಾಕಿ ಬಳಿಕ ತರಗತಿಗೆ ಬರುವವರಿದ್ದಾರೆ. ಸಂಜೆ ತರಕಾರಿ ಗಾಡಿಯ ಬಳಿ ನಿಲ್ಲುವವರಿದ್ದಾರೆ. ಹೊಲಿಗೆಯಂತ್ರದ ಮುಂದೆ ಕುಳಿತು ಮನೆಯನ್ನು ಸಾಗಿಸುವ ಸೋದರಿಯರೂ ಇದ್ದಾರೆ. ಇಂಥವರಿಗೆ "ದಿನವೂ ಎರಡು ಗಂಟೆ ಏಕಾಂತದಲ್ಲಿ ಕುಳಿತು ಬರೆಯಿರಿ" ಎಂದು ಉಪದೇಶಿಸುವುದು ಹಸಿದವನಿಗೆ ಪಾಕಶಾಸ್ತ್ರವನ್ನು ಓದಿ ಹೇಳಿದಂತೆಯೇ ಸರಿ. ಆದುದರಿಂದ ಸಣ್ಣದೊಂದು ವ್ಯಾಪಾರವನ್ನು ನಡೆಸುತ್ತಲೇ ದಿನನಿತ್ಯ ಬರೆಯುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬ ವಿಷಯವನ್ನು ನನ್ನ ಅಲ್ಪಮತಿಗೆ ತೋರಿದಷ್ಟು ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ಈ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ನನ್ನ ತಂದೆಯವರು ಒಂದು ಹಿಟ್ಟಿನ ಗಿರಣಿಯನ್ನು ಇಟ್ಟುಕೊಂಡಿದ್ದಾರೆ. ಅವರ ಬಲಗೈಗೆ ನೋವು ಹತ್ತಿದಂದಿನಿಂದ, ಅಂದರೆ ನಾನು ಪಿ. ಯು. ತರಗತಿಯಲ್ಲಿದ್ದಾಗಿನಿಂದ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೂ ಸಂಜೆ ಐದರಿಂದ ಒಂಬತ್ತರವರೆಗೂ ಗಿರಣಿಯ ಕೆಲಸ ನನ್ನದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲಿಗ. ತಾತನವರು ಹೆಬ್ಬೆಟ್ಟಿನ ಗುರುತು ಹಾಕುತ್ತಿದ್ದರು. ತಂದೆಯವರು ನಾಲ್ಕನೆಯ ತರಗತಿಗೆ ಶಾಲೆಯನ್ನು ಬಿಟ್ಟವರು. ಆದರೂ ನಮ್ಮ ಮನೆಯಲ್ಲಿ ದಿನವೂ ತಪ್ಪದೆ ಬರೆಯುತ್ತಿದ್ದ ಒಬ್ಬ ಲೇಖಕರಿದ್ದರು. ಅವರು ನನ್ನ ತಂದೆಯವರೇ. ಅವರು ಬರೆಯುತ್ತಿದ್ದುದು ಕಥೆಯಲ್ಲ, ಕಾವ್ಯವಲ್ಲ, ಗಿರಣಿಯ ಕಿರ್ದಿ. ಈ ಲೇಖನದ ತಿರುಳೆಲ್ಲವೂ ಆ ಕಿರ್ದಿ ಪುಸ್ತಕದಿಂದಲೇ ನನಗೆ ದೊರೆತದ್ದು.

ಕಿರ್ದಿಯೆಂದರೇನೆಂಬುದನ್ನು ವ್ಯಾಪಾರಸ್ಥರ ಮನೆಯ ಮಕ್ಕಳಿಗೆ ಹೇಳಬೇಕಾದುದಿಲ್ಲ. ಉಳಿದವರಿಗಾಗಿ ಎರಡು ಮಾತು. ಹಿಂದಿನ ದಿನದ ಶಿಲ್ಕನ್ನು ಪುಟದ ಮೇಲ್ಗಡೆ ಬರೆದುಕೊಂಡು, ಆ ದಿನ ಬಂದುದನ್ನು ಜಮಾ ಎಂದೂ ಹೋದುದನ್ನು ಖರ್ಚು ಎಂದೂ ಬಂದಹಾಗೆ ನಮೂದಿಸುತ್ತಾ ಹೋಗಿ, ರಾತ್ರಿ ಕೂಡಿ ಕಳೆದು, ಆಖೈರು ಶಿಲ್ಕನ್ನು ಗಲ್ಲಾಪೆಟ್ಟಿಗೆಯಲ್ಲಿರುವ ಹಣದೊಡನೆ ತಾಳೆ ನೋಡುವ ಪುಸ್ತಕವೇ ಕಿರ್ದಿ. ಇದಕ್ಕೂ ಮೊದಲು ಗಿರಾಕಿಗಳ ಗಲಾಟೆಯ ನಡುವೆ ಆತುರದಲ್ಲಿ ಗೀಚಿಡುವ ಒಂದು ಕಚ್ಚಾ ಪುಸ್ತಕವಿರುತ್ತದೆ. ಕಿರ್ದಿಯ ತರುವಾಯ, ಪ್ರತಿಯೊಬ್ಬ ಆಸಾಮಿಯ ಲೆಕ್ಕವನ್ನೂ ಬೇರೆ ಬೇರೆಯಾಗಿ ಎತ್ತಿ ಬರೆಯುವ ಖಾತೆ ಪುಸ್ತಕವಿರುತ್ತದೆ. ಹೀಗೆ ಪುಸ್ತಕಗಳು ಮೂರು: ಕಚ್ಚಾ, ಕಿರ್ದಿ, ಖಾತೆ.

ಇದು ನಮ್ಮ ದೇಶದ ಸಾಹುಕಾರರ ಪದ್ಧತಿ ಮಾತ್ರವಲ್ಲ. ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಸಂನ್ಯಾಸಿಯು ಆ ಊರಿನ ವರ್ತಕರ ಲೆಕ್ಕದ ಕ್ರಮವನ್ನು ವಿವರಿಸಿರುವನು. ಅವನು ಹೇಳುವ ಪುಸ್ತಕಗಳೂ ಮೂರೇ. ಮೊದಲನೆಯ ಕಚ್ಚಾ ಪುಸ್ತಕದಲ್ಲಿ ಯಜಮಾನನು ಮಾತ್ರವಲ್ಲ, ಗುಮಾಸ್ತರೂ ಆಳುಗಳೂ ಅಕ್ಷರ ಬಲ್ಲ ಹೆಂಗಸರೂ ಬರೆಯಬಹುದೆಂದು ಅವನು ಹೇಳಿದ್ದಾನೆ. ಅಂದವಾಗಿ ಬರೆಯುವುದು ಅಲ್ಲಿ ಮುಖ್ಯವಲ್ಲ. ನಡೆದುದು ಬಿಟ್ಟುಹೋಗದಿರುವುದು ಮುಖ್ಯ.

ವ್ಯಾಪಾರಿಗಳ ಈ ಮೂರು ಪುಸ್ತಕಗಳಿಗೂ ಬರೆವಣಿಗೆಗೂ ನಂಟು ಕಟ್ಟಿದವರಲ್ಲಿ ಒಬ್ಬ ದೊಡ್ಡ ವಿದ್ವಾಂಸನಿದ್ದಾನೆ. ಜರ್ಮನಿಯ ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಲಿಖ್ಟೆನ್‌ಬರ್ಗ್ (೧೭೪೨–೧೭೯೯) ತನ್ನ ವಿಚಾರಗಳನ್ನು ದಶಕಗಳ ಕಾಲ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದನು. ಇಂಗ್ಲೆಂಡಿನ ವರ್ತಕರು ದಿನದ ವ್ಯವಹಾರವನ್ನೆಲ್ಲಾ ಮೊದಲು ಅಸ್ತವ್ಯಸ್ತವಾಗಿ ಒಂದು ಪುಸ್ತಕದಲ್ಲಿ ಬರೆದು, ಅಲ್ಲಿಂದ ಕ್ರಮವಾಗಿ ಇನ್ನೊಂದಕ್ಕೆ ಏರಿಸಿ, ಕಡೆಗೆ ಖಾತೆಗೆ ಸೇರಿಸುವರೆಂದೂ ವಿದ್ವಾಂಸರು ಇದನ್ನು ಅನುಸರಿಸುವುದು ಒಳ್ಳೆಯದೆಂದೂ ಅವನ ಅಭಿಪ್ರಾಯ. ತನ್ನ ಟಿಪ್ಪಣಿಗಳಿಗೆ ಆ ಕಚ್ಚಾ ಪುಸ್ತಕದ ಹೆಸರನ್ನೇ ಅವನು ಇಟ್ಟುಕೊಂಡನು. ಇಂದು ಅವನ ಹೆಸರು ಸಾಹಿತ್ಯದಲ್ಲಿ ಉಳಿದಿರುವುದು ಬಹುಮಟ್ಟಿಗೆ ಈ ಕಚ್ಚಾ ಪುಸ್ತಕಗಳಿಂದಲೇ. ಪ್ರಾಧ್ಯಾಪಕನು ಅಂಗಡಿಯವನಿಂದ ಕಲಿತುದನ್ನು ಅಂಗಡಿಯವನ ಮಗನು ಕಲಿಯಲಾರನೇ?

ಇನ್ನು ಈ ಮೂರನ್ನೂ ಬರೆವಣಿಗೆಗೆ ಅನ್ವಯಿಸುವ ಬಗೆಯನ್ನು ನೋಡೋಣ.

ಮೊದಲನೆಯದು ಕಚ್ಚಾ ಪುಸ್ತಕ. ಅಂಗಿಯ ಜೇಬಿಗೆ ಹಿಡಿಸುವ ಒಂದು ಸಣ್ಣ ಪುಸ್ತಕ, ಒಂದು ಸೀಸದ ಕಡ್ಡಿ, ಇಷ್ಟೇ ಬಂಡವಾಳ. ಗಿರಣಿಯಲ್ಲಿ ಹಿಟ್ಟು ಕೈಗೆ ಮೆತ್ತಿಕೊಂಡಿರುವುದರಿಂದ ಮಸಿಯ ಲೇಖನಿಗಿಂತ ಸೀಸದ ಕಡ್ಡಿಯೇ ಮೇಲು. ಗಿರಾಕಿಯೊಬ್ಬರ ವಿಶೇಷವಾದ ಮಾತು, ಹಿಂದೆಂದೂ ಕೇಳದ ಒಂದು ಪದ, ಮನಸ್ಸಿಗೆ ಹೊಳೆದ ಒಂದು ಪ್ರಶ್ನೆ, ಇವುಗಳನ್ನು ನಾಲ್ಕೈದು ಶಬ್ದಗಳಲ್ಲಿ ಗುರುತು ಹಾಕಿಕೊಳ್ಳಬೇಕು. ವಾಕ್ಯವನ್ನು ಪೂರ್ಣಗೊಳಿಸಲು ಹೋಗಬಾರದು; ಗಿರಾಕಿ ಕಾಯುತ್ತಿರುತ್ತಾರೆ. ನಮ್ಮ ಗಿರಣಿಗೆ ಬರುವವರು "ತರಿ", "ನುಚ್ಚು", "ರವೆ", "ಸಣ್ಣಹಿಟ್ಟು", "ಒಬ್ಬೆ" ಎಂದು ಆಡುವ ಮಾತುಗಳಲ್ಲಿ ಎಷ್ಟೋ ಸೂಕ್ಷ್ಮ ಭೇದಗಳಿವೆ. ಅವುಗಳನ್ನು ಕೇಳುತ್ತಲೇ ಬೆಳೆದ ನಾನು ಅವು ಬರೆದಿಡತಕ್ಕ ಸಂಪತ್ತೆಂದು ತಿಳಿದದ್ದು ಜೇಬಿನಲ್ಲಿ ಪುಸ್ತಕವಿಟ್ಟುಕೊಂಡ ಮೇಲೆಯೇ.

ಎರಡನೆಯದು ಕಿರ್ದಿ. ಇದೇ ಅಭ್ಯಾಸದ ಬೆನ್ನೆಲುಬು. ರಾತ್ರಿ ಗಿರಣಿಯ ಲೆಕ್ಕವನ್ನು ತಾಳೆ ನೋಡಿ ಪುಸ್ತಕವನ್ನು ಮುಚ್ಚಿದ ಕೂಡಲೇ ನಾನು ಮತ್ತೊಂದು ಪುಸ್ತಕವನ್ನು ತೆರೆಯುತ್ತೇನೆ. ಅದೇ ಜಾಗ, ಅದೇ ದೀಪ, ಅದೇ ಮಣೆ. ದಿನಾಂಕ ಹಾಕಿ, ಜೇಬಿನ ಪುಸ್ತಕವನ್ನು ನೋಡಿಕೊಂಡು, ಇಪ್ಪತ್ತು ಸಾಲು ಬರೆಯುತ್ತೇನೆ. ಇಪ್ಪತ್ತಕ್ಕೆ ಕಡಿಮೆಯಿಲ್ಲ, ಆಯಾಸವಾಗಿದ್ದರೆ ಹೆಚ್ಚೂ ಇಲ್ಲ.

ಇಲ್ಲಿ ಒಂದು ಮುಖ್ಯ ವಿಷಯವನ್ನು ವಾಚಕರು ಗಮನಿಸಬೇಕು. ನಾನು "ರಾತ್ರಿ ಒಂಬತ್ತೂವರೆಗೆ" ಎನ್ನಲಿಲ್ಲ. "ಲೆಕ್ಕ ಮುಗಿದ ಕೂಡಲೇ" ಎಂದೆನು. ವ್ಯಾಪಾರಸ್ಥನ ಗಡಿಯಾರವು ಅವನ ಕೈಯಲ್ಲಿಲ್ಲ. ಈ ಸಂಗತಿಯನ್ನು ಚೆನ್ನಾಗಿ ಬಲ್ಲವನು ಅಮೇರಿಕಾ ದೇಶದ ಬೆಂಜಮಿನ್ ಫ್ರಾಂಕ್ಲಿನ್. ಅವನು ತನ್ನ ಆತ್ಮಕಥೆಯಲ್ಲಿ ದಿನದ ಇಪ್ಪತ್ತುನಾಲ್ಕು ಗಂಟೆಗಳನ್ನೂ ಹಂಚಿದ ಒಂದು ಪಟ್ಟಿಯನ್ನು ಕೊಟ್ಟಿದ್ದಾನೆ. ಬೆಳಿಗ್ಗೆ ಐದಕ್ಕೆ ಏಳುವುದು, ಇಂದು ಯಾವ ಒಳ್ಳೆಯ ಕೆಲಸ ಮಾಡಲಿ ಎಂದು ಕೇಳಿಕೊಳ್ಳುವುದು, ಎಂಟರಿಂದ ಕೆಲಸ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಓದು ಅಥವಾ ಲೆಕ್ಕಪತ್ರ, ರಾತ್ರಿ ದಿನದ ವಿಮರ್ಶೆ, ಹತ್ತಕ್ಕೆ ನಿದ್ರೆ. ಈ ಪಟ್ಟಿಯನ್ನು ಎಷ್ಟೋ ಪುಸ್ತಕಗಳಲ್ಲಿ ಉದಾಹರಿಸುತ್ತಾರೆ. ಆದರೆ ಅದೇ ಪ್ರಕರಣದಲ್ಲಿ ಅವನು ಹೇಳಿರುವ ಇನ್ನೊಂದು ಮಾತನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಈ ಕ್ರಮವು ಕೂಲಿಗೆ ದುಡಿಯುವ ಮುದ್ರಣಕಾರನಿಗೆ ಸಾಧ್ಯವಾಗಬಹುದು. ಆದರೆ ಮುದ್ರಣಾಲಯದ ಯಜಮಾನನು ಜನರೊಡನೆ ಬೆರೆಯಬೇಕಾದವನು, ವ್ಯವಹಾರಕ್ಕೆ ಬರುವವರನ್ನು ಅವರವರ ಸಮಯಕ್ಕೆ ಎದುರುಗೊಳ್ಳಬೇಕಾದವನು, ಅವನಿಗೆ ಇದನ್ನು ಕರಾರುವಾಕ್ಕಾಗಿ ಪಾಲಿಸುವುದು ಕಷ್ಟ ಎಂಬುದೇ ಆ ಮಾತು. ನಮಗೆ ಬೇಕಾದದ್ದು ಇದೇ. ಸಣ್ಣ ಅಂಗಡಿಯವನು ತನ್ನ ಬರೆವಣಿಗೆಯನ್ನು ಗಡಿಯಾರದ ಮುಳ್ಳಿಗೆ ಕಟ್ಟಿದರೆ ಹಗ್ಗ ವಾರದೊಳಗೆ ಹರಿಯುವುದು. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಕಟ್ಟಿದರೆ ಅದು ನಿಲ್ಲುವುದು. ಹೋಟೆಲಿನವನು ಒಲೆ ಆರಿಸಿದ ಮೇಲೆ ಬರೆಯಲಿ; ದರ್ಜಿಯು ಯಂತ್ರಕ್ಕೆ ಗವುಸು ಹಾಕಿದ ಮೇಲೆ ಬರೆಯಲಿ; ಹಾಲಿನವನು ಕ್ಯಾನು ತೊಳೆದಿಟ್ಟ ಮೇಲೆ ಬರೆಯಲಿ.

ಅಳತೆಯ ವಿಷಯದಲ್ಲಿ ನನಗೆ ಗುರುವಾದವನು ಆಂಗ್ಲ ಕಾದಂಬರಿಕಾರ ಆಂಥೊನಿ ಟ್ರಾಲಪ್. ಅವನು ವ್ಯಾಪಾರಿಯಲ್ಲ, ಅಂಚೆ ಇಲಾಖೆಯ ಅಧಿಕಾರಿ. ೧೮೩೪ರಿಂದ ೧೮೬೭ರವರೆಗೆ ಆ ಕೆಲಸದಲ್ಲಿದ್ದುಕೊಂಡೇ ಕಾದಂಬರಿಗಳನ್ನು ರಚಿಸುತ್ತಿದ್ದನು. ತನ್ನನ್ನು ಮುಂಜಾನೆ ಎಬ್ಬಿಸಿ ಕಾಫಿ ಕೊಡುವುದಕ್ಕಾಗಿ ಮುದಿ ಸೇವಕನೊಬ್ಬನಿಗೆ ವರ್ಷಕ್ಕೆ ೫ ಪೌಂಡು ಹೆಚ್ಚಾಗಿ ಕೊಡುತ್ತಿದ್ದನು. ಐದೂವರೆ ಗಂಟೆಗೆ ಮೇಜಿನ ಮುಂದೆ ಕುಳಿತು, ಹಿಂದೆ ಬರೆದುದನ್ನು ಮೊದಲು ಅರ್ಧ ಗಂಟೆ ಓದಿಕೊಂಡು, ಬಳಿಕ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲುಗಂಟೆಗೆ ೨೫೦ ಶಬ್ದಗಳಂತೆ ಬರೆಯುತ್ತಿದ್ದನು. ನನ್ನ ಮನಸ್ಸನ್ನು ಸೆಳೆದುದು ಇದಕ್ಕಿಂತಲೂ ಅವನ ಲೆಕ್ಕದ ಪುಸ್ತಕ. ವಾರಗಳನ್ನಾಗಿ ವಿಂಗಡಿಸಿದ ಒಂದು ದಿನಚರಿಯಲ್ಲಿ ಪ್ರತಿದಿನ ಎಷ್ಟು ಪುಟ ಬರೆದೆನೆಂಬುದನ್ನು ಅವನು ನಮೂದಿಸುತ್ತಿದ್ದನು. ಸೋಮಾರಿತನದಿಂದ ಒಂದೆರಡು ದಿನ ಜಾರಿದರೆ ಆ ಬರಿದಾದ ಸಾಲುಗಳೇ ಅವನನ್ನು ದುರುಗುಟ್ಟಿ ನೋಡುತ್ತಿದ್ದುವಂತೆ. ೧೮೮೩ರಲ್ಲಿ, ಅವನು ತೀರಿಕೊಂಡ ಮರುವರ್ಷ, ಆತ್ಮಕಥೆಯು ಪ್ರಕಟವಾದಾಗ, ಕಾದಂಬರಿಯನ್ನು ಇಷ್ಟು ಯಾಂತ್ರಿಕವಾಗಿ ಬರೆಯುವುದುಂಟೆ ಎಂದು ಹಲವರು ಮೂಗು ಮುರಿದರು. ಆದರೆ ೪೭ ಕಾದಂಬರಿಗಳು ಉಳಿದಿವೆ. ಇಂದಿಗೂ ಜನರು ಅವನ್ನು ಓದುತ್ತಾರೆ. ಮೂಗು ಮುರಿದವರ ಹೆಸರನ್ನು ಹುಡುಕಿಯೇ ತಿಳಿಯಬೇಕು.

ಶೂನ್ಯವನ್ನೂ ಬರೆಯಬೇಕೆಂಬುದು ಕಿರ್ದಿಯ ಇನ್ನೊಂದು ನಿಯಮ. ಇದನ್ನು ನಾನು ಕಲಿತದ್ದು ತಂದೆಯವರ ಹಳೆಯ ಪುಸ್ತಕಗಳಿಂದ. ೨೦೨೦ರ ಮಾರ್ಚಿ ೨೫ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ನಮ್ಮ ಗಿರಣಿಯೂ ಕೆಲವು ದಿನ ನಿಂತಿತು. ಆ ದಿನಗಳ ಪುಟಗಳನ್ನು ತಂದೆಯವರು ಬಿಟ್ಟುಬಿಟ್ಟಿಲ್ಲ. ದಿನಾಂಕ ಹಾಕಿದ್ದಾರೆ, ಹಿಂದಿನ ಶಿಲ್ಕನ್ನು ಎತ್ತಿ ಬರೆದಿದ್ದಾರೆ, "ಗಿರಣಿ ಬಂದ್. ಜಮಾ ಇಲ್ಲ" ಎಂದು ಬರೆದು ಮನೆಯ ಖರ್ಚನ್ನು ಕಳೆದಿದ್ದಾರೆ. ದಿನದಿಂದ ದಿನಕ್ಕೆ ಇಳಿದುಹೋಗುವ ಆ ಶಿಲ್ಕನ್ನು ನೋಡುವಾಗ ಯಾವ ಕಾದಂಬರಿಯನ್ನು ಓದುವಾಗಲೂ ಆಗದ ಅನುಭವವು ನನಗಾಯಿತು. ನಾಲ್ಕನೆಯ ತರಗತಿ ಓದಿದ ಮನುಷ್ಯರು ನಾಲ್ಕು ಶಬ್ದಗಳಲ್ಲಿ ಒಂದು ಕಾಲವನ್ನೇ ಹಿಡಿದಿಟ್ಟಿದ್ದಾರೆ. ಇನ್ನೊಂದು ಪುಟ, ನಾನು ಈ ಕಾಲೇಜಿಗೆ ಸೇರಿದ ದಿನದ್ದು. ಖರ್ಚಿನ ಕಡೆ "ಮಗನ ಕಾಲೇಜು, ಪುಸ್ತಕ, ಬಸ್ ಪಾಸು" ಎಂದಿದೆ. ಜಮಾದ ಕಡೆ, ರಾಗಿ ಗೋಧಿಗಳ ಬೀಸುಗೂಲಿಯ ಕೆಳಗೆ, "ಓಲೆ ಒತ್ತೆ" ಎಂದಿದೆ. ಅದು ನನ್ನ ತಾಯಿಯವರ ಓಲೆ. ಈ ಸಂಗತಿಯನ್ನು ಮನೆಯಲ್ಲಿ ಯಾರೂ ನನಗೆ ಬಾಯಿಬಿಟ್ಟು ಹೇಳಿದವರಲ್ಲ; ಕಿರ್ದಿ ಹೇಳಿತು. ಬರೆದಿಟ್ಟ ಮಾತಿನ ಶಕ್ತಿ ಇಂಥದು. ಆದುದರಿಂದ ಬರೆಯಲು ಏನೂ ತೋಚದ ದಿನ "ಇಂದು ಏನೂ ತೋಚಲಿಲ್ಲ" ಎಂದೇ ಆರಂಭಿಸಿ, ಏಕೆ ತೋಚಲಿಲ್ಲವೆಂಬುದನ್ನು ಬರೆಯಬೇಕು. ಹಲವು ಬಾರಿ ಆ ದಿನದ ಇಪ್ಪತ್ತು ಸಾಲುಗಳೇ ವಾರದಲ್ಲೆಲ್ಲಾ ಉತ್ತಮವಾಗಿರುವುದನ್ನು ಕಂಡಿದ್ದೇನೆ.

ಶಿಲ್ಕನ್ನು ಮುಂದಕ್ಕೆ ಎತ್ತುವ ಕ್ರಮವೂ ಬರೆವಣಿಗೆಗೆ ಬಹಳ ಉಪಯುಕ್ತ. ರಾತ್ರಿಯ ಕಡೆಯ ಸಾಲಿನ ಕೆಳಗೆ ನಾಳೆ ಎಲ್ಲಿಂದ ಆರಂಭಿಸಬೇಕೆಂಬುದನ್ನು ಒಂದು ಮಾತಿನಲ್ಲಿ ಬರೆದಿಡುತ್ತೇನೆ. ಮರುದಿನ ಖಾಲಿ ಪುಟದ ಮುಂದೆ ಕುಳಿತು ತಲೆ ಕೆರೆದುಕೊಳ್ಳುವ ಪ್ರಸಂಗವಿಲ್ಲ. ಕೈಯಲ್ಲಿ ನಿನ್ನೆಯ ಶಿಲ್ಕಿದೆ.

ಮೂರನೆಯದು ಖಾತೆ. ಇದು ವಾರಕ್ಕೊಮ್ಮೆ, ಗಿರಣಿಗೆ ಬಿಡುವಿರುವ ದಿನ, ಮಾಡುವ ಕೆಲಸ. ಕಿರ್ದಿಯಲ್ಲಿ ದಿನದ ಕ್ರಮವಿರುತ್ತದೆಯೇ ಹೊರತು ವಿಷಯದ ಕ್ರಮವಿರುವುದಿಲ್ಲ. ವಾರದ ಸಾಲುಗಳನ್ನು ಓದಿ, ಒಂದೊಂದು ವಿಷಯಕ್ಕೆ ಸೇರಿದುದನ್ನು ಒಂದೊಂದು ತಲೆಬರಹದ ಕೆಳಗೆ ಎತ್ತಿ ಬರೆಯಬೇಕು. ಇದರ ಪ್ರಯೋಜನವನ್ನು ಒಂದು ಉದಾಹರಣೆಯಿಂದ ಸ್ಪಷ್ಟಪಡಿಸುತ್ತೇನೆ. ನಮ್ಮ ಗಿರಣಿಗೆ ಬರುವ ಒಬ್ಬ ಅಜ್ಜಿಯ ಮಾತು ಸೊಗಸಾಗಿರುವುದರಿಂದ ಅವರ ವಿಷಯವನ್ನು ಆಗಾಗ್ಗೆ ಬರೆದುಕೊಳ್ಳುತ್ತಿದ್ದೆನು. ಎಂಟು ತಿಂಗಳ ಸಾಲುಗಳನ್ನು ಒಂದೇ ಪುಟಕ್ಕೆ ಎತ್ತಿ ಬರೆದ ದಿನ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲು ಹತ್ತು ಕಿಲೋ ರಾಗಿ ತರುತ್ತಿದ್ದವರು ಆಮೇಲೆ ಆರು ಕಿಲೋ ತಂದಿದ್ದಾರೆ; ಈಗ ಮೂರು. ಮಾತು ಅದೇ, ನಗೆ ಅದೇ. ಚೀಲ ಮಾತ್ರ ಸಣ್ಣದಾಗುತ್ತಾ ಬಂದಿದೆ. ದೊಡ್ಡ ಮಗ ಬೆಂಗಳೂರಿಗೆ ಹೋದ, ಕಿರಿಯವನು ಸಂಸಾರಸಮೇತ ಅವನ ಹಿಂದೆ ಹೋದ; ಮುದ್ದೆಗೆ ಕೈ ಚಾಚುವವರು ಮನೆಯಲ್ಲಿ ಉಳಿದಿಲ್ಲ. ದಿನದಿನವೂ ಕಂಡಿದ್ದರೂ ನನಗೆ ಇದು ಕಂಡಿರಲಿಲ್ಲ. ಕಿರ್ದಿಯಲ್ಲಿಯೂ ಇದು ಕಾಣದು, ಖಾತೆಯಲ್ಲಿ ಕಾಣುವುದು. ನಮ್ಮ ಹಳ್ಳಿಗಳು ಬರಿದಾಗುತ್ತಿರುವ ವಿಷಯವಾಗಿ ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ ಪಾಠವು ಅಂದು ನನಗೆ ಮನದಟ್ಟಾಯಿತು. ಪ್ರಬಂಧಕ್ಕೆ ವಿಷಯವಿಲ್ಲವೆನ್ನುವವರು ಖಾತೆಯನ್ನು ಇಟ್ಟು ನೋಡಲಿ.

ಇಷ್ಟರಿಂದ ಬರೆಯುವ ರೂಢಿಯೇನೋ ಬರುವುದು. ಬರೆವಣಿಗೆ ಉತ್ತಮಗೊಳ್ಳುವುದು ಹೇಗೆಂದು ಕೇಳಬಹುದು. ಇದಕ್ಕೂ ಫ್ರಾಂಕ್ಲಿನ್ನನೇ ದಾರಿ ತೋರಿಸಿದ್ದಾನೆ. ಅವನು ೧೭೦೬ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿದವನು. ತಂದೆ ಮೇಣದ ಬತ್ತಿ ಮತ್ತು ಸಾಬೂನು ತಯಾರಿಸಿ ಮಾರುತ್ತಿದ್ದ ಬಡ ವ್ಯಾಪಾರಿ. ಹತ್ತನೆಯ ವಯಸ್ಸಿಗೆ ಶಾಲೆ ಮುಗಿಯಿತು. ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದನು. 'ಸ್ಪೆಕ್ಟೇಟರ್' ಎಂಬ ಪತ್ರಿಕೆಯ ಒಂದು ಸಂಪುಟವು ಅವನ ಕೈಗೆ ಸಿಕ್ಕಿತು. ಅದರಲ್ಲಿನ ಪ್ರಬಂಧವೊಂದನ್ನು ಓದಿ, ಪ್ರತಿ ವಾಕ್ಯದ ಭಾವವನ್ನೂ ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಅದನ್ನು ಬದಿಗಿಡುತ್ತಿದ್ದನು. ಆಮೇಲೆ ಮೂಲವನ್ನು ನೋಡದೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆದು, ಮೂಲದೊಡನೆ ಹೋಲಿಸಿ, ತನ್ನ ಕೊರತೆಗಳನ್ನು ತಿದ್ದಿಕೊಳ್ಳುತ್ತಿದ್ದನು. ಪದಸಂಪತ್ತು ಸಾಲದೆಂದು ಕಂಡಾಗ ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲದ ಮಾತು ಮರೆತ ಮೇಲೆ ಮತ್ತೆ ಗದ್ಯಕ್ಕೆ ತಿರುಗಿಸುತ್ತಿದ್ದನು. ಒಮ್ಮೊಮ್ಮೆ ಗುರುತಿನ ಚೀಟಿಗಳನ್ನು ಕಲಸಿ, ಕೆಲವು ವಾರಗಳ ಬಳಿಕ ಕ್ರಮಕ್ಕೆ ತರುತ್ತಿದ್ದನು; ಇದರಿಂದ ವಿಚಾರಗಳನ್ನು ಜೋಡಿಸುವ ವಿಧಾನವು ತಿಳಿಯಿತು. ಈ ಕೆಲಸಕ್ಕೆ ಅವನಿಗೆ ದೊರೆಯುತ್ತಿದ್ದ ವೇಳೆ ರಾತ್ರಿ ಕೆಲಸ ಮುಗಿದ ಮೇಲೆ, ಬೆಳಿಗ್ಗೆ ಕೆಲಸ ತೊಡಗುವ ಮುನ್ನ, ಮತ್ತು ಭಾನುವಾರ. ೧೭೨೨ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ವಿಧವೆಯೊಬ್ಬಳ ಹೆಸರಿನಲ್ಲಿ ಹದಿನಾಲ್ಕು ಪತ್ರಗಳನ್ನು ಬರೆದು ಅಣ್ಣನ ಪತ್ರಿಕೆಗೇ ಗುಟ್ಟಾಗಿ ಮುಟ್ಟಿಸಿದನು, ಅವು ಅಚ್ಚಾದುವು. ಮುಂದೆ ಫಿಲಡೆಲ್ಫಿಯಾ ನಗರದಲ್ಲಿ ತನ್ನದೇ ಮುದ್ರಣಾಲಯವನ್ನು ನಡೆಸುತ್ತಾ ಪತ್ರಿಕೆಯನ್ನೂ ಪಂಚಾಂಗವನ್ನೂ ಬರೆದು ಅಚ್ಚು ಹಾಕಿ ಮಾರಿದನು. ನಾನು ತಿಂಗಳಿಗೆ ಎರಡು ಬಾರಿ, ನಮ್ಮ ಕಾಲೇಜಿನ ಪುಸ್ತಕಭಂಡಾರದಿಂದ ತಂದ ಕನ್ನಡ ಗದ್ಯದ ಒಂದೊಂದು ಪುಟವನ್ನು ಇದೇ ರೀತಿ ಅಭ್ಯಾಸ ಮಾಡುತ್ತಿದ್ದೇನೆ. ಮೂಲದ ಪಕ್ಕದಲ್ಲಿ ನನ್ನ ವಾಕ್ಯಗಳನ್ನು ಇಟ್ಟು ನೋಡಿದಾಗ ಯಾವ ಅಧ್ಯಾಪಕರೂ ಹೇಳಬೇಕಾಗಿಲ್ಲದಂತೆ ವ್ಯತ್ಯಾಸವು ತಾನಾಗಿಯೇ ತಿಳಿಯುತ್ತದೆ.

ಇನ್ನು ಕೆಲವು ಆಕ್ಷೇಪಗಳನ್ನು ಪರಿಶೀಲಿಸೋಣ.

"ಬರೆಯುವ ಹುಚ್ಚು ಹತ್ತಿದವನು ವ್ಯಾಪಾರವನ್ನು ಕೆಡಿಸಿಕೊಳ್ಳುತ್ತಾನೆ" ಎಂಬುದು ಮನೆಯ ಹಿರಿಯರ ಭಯ. ಈ ಭಯಕ್ಕೆ ಆಧಾರವಿಲ್ಲದಿಲ್ಲ. ಹದಿನೇಳನೆಯ ಶತಮಾನದ ಬನಾರಸೀದಾಸನೆಂಬ ಜೈನ ವರ್ತಕನು ಆಗ್ರಾ ನಗರದಲ್ಲಿ ವ್ಯಾಪಾರದ ಹಣವನ್ನೆಲ್ಲಾ ಕಳೆದುಕೊಂಡು, ರಾತ್ರಿಯ ವೇಳೆ ಜನರಿಗೆ ಕಾವ್ಯಗಳನ್ನು ಓದಿ ಹೇಳುತ್ತಾ, ಕಚೋರಿ ಮಾರುವವನೊಬ್ಬನಲ್ಲಿ ತಿಂಗಳುಗಟ್ಟಲೆ ಉದ್ರಿಯಾಗಿ ತಿಂದು ಕಾಲ ಕಳೆದನು. ಇದನ್ನು ೧೬೪೧ರಲ್ಲಿ ತಾನು ರಚಿಸಿದ 'ಅರ್ಧಕಥಾನಕ'ವೆಂಬ ಆತ್ಮಕಥೆಯಲ್ಲಿ ಅವನೇ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ಮನುಷ್ಯನ ಪೂರ್ಣಾಯುಸ್ಸು ೧೧೦ ವರ್ಷವೆಂದು ಎಣಿಸಿ, ತನ್ನ ೫೫ ವರ್ಷಗಳ ಕಥೆಗೆ 'ಅರ್ಧ' ಎಂದು ಹೆಸರಿಟ್ಟನು. ಲಾಭ ನಷ್ಟಗಳ ಆ ಪ್ರಾಮಾಣಿಕ ಲೆಕ್ಕದಿಂದಾಗಿಯೇ ಮೊಗಲರ ಕಾಲದ ವರ್ತಕರ ಬಾಳು ನಮಗಿಂದು ತಿಳಿಯುತ್ತದೆ. ಆದರೆ ಉದ್ರಿ ಕೊಡುವ ಕಚೋರಿಯವನು ಎಲ್ಲರಿಗೂ ದೊರಕುವುದಿಲ್ಲ! ಆದುದರಿಂದ ಇಲ್ಲಿ ಒಂದು ಕಟ್ಟುನಿಟ್ಟು ಅಗತ್ಯ.

ಆ ಕಟ್ಟುನಿಟ್ಟಿಗೆ ಮಾದರಿ ಲಂಡನ್ನಿನ ಸ್ಯಾಮ್ಯುಯೆಲ್ ರಿಚರ್ಡ್‌ಸನ್. ಬಡಗಿಯ ಮಗನಾದ ಅವನು ಮುದ್ರಣಾಲಯವೊಂದರಲ್ಲಿ ಶಿಷ್ಯನಾಗಿದ್ದಾಗ ನಿದ್ರೆಯ ವೇಳೆಯಲ್ಲಿ ಕದ್ದು ಓದಿಕೊಳ್ಳುತ್ತಿದ್ದನು. ಆದರೆ ಯಜಮಾನನಿಗೆ ಅಷ್ಟರಮಟ್ಟಿಗೂ ನಷ್ಟವಾಗಬಾರದೆಂದು ಓದುವ ಮೇಣದ ಬತ್ತಿಯನ್ನು ತನ್ನ ಹಣದಿಂದಲೇ ಕೊಳ್ಳುತ್ತಿದ್ದನು. ಮುಂದೆ ತಾನೇ ದೊಡ್ಡ ಮುದ್ರಣಾಲಯದ ಒಡೆಯನಾಗಿ, ಐವತ್ತನೆಯ ವಯಸ್ಸಿನಲ್ಲಿ, ೧೭೩೯ರ ನವೆಂಬರ್ ೧೦ರಿಂದ ೧೭೪೦ರ ಜನವರಿ ೧೦ರವರೆಗೆ ಎರಡೇ ತಿಂಗಳಲ್ಲಿ 'ಪಮೇಲಾ' ಕಾದಂಬರಿಯನ್ನು ಬರೆದನು. ವ್ಯಾಪಾರವನ್ನು ಬಿಡಲಿಲ್ಲ. ಅವನ ಬತ್ತಿಯ ನೀತಿಯೇ ನನ್ನ ನೀತಿ. ಬರೆವಣಿಗೆಯ ಪುಸ್ತಕ, ಸೀಸದ ಕಡ್ಡಿಗಳ ಬೆಲೆ ನನ್ನ ಖರ್ಚಿನಿಂದ ಹೋಗಬೇಕೇ ಹೊರತು ಗಲ್ಲಾದಿಂದಲ್ಲ. ಗಿರಾಕಿ ಎದುರಿಗಿರುವಾಗ ಬರೆಯಕೂಡದು. ಕಲ್ಲು ತಿರುಗುತ್ತಿರುವಾಗ ಕಣ್ಣು ಪುಸ್ತಕದ ಮೇಲಿರಕೂಡದು; ಹಿಟ್ಟು ಕಾದೀತು, ಕೈಯೂ ಹೋದೀತು. ವಿದ್ಯುಚ್ಛಕ್ತಿ ನಿಂತು ಗಿರಣಿಯು ಮೌನವಾದಾಗ ಮಾತ್ರ ಹಗಲಿನಲ್ಲಿ ಬರೆಯಬಹುದು. ನಮ್ಮೂರಿನಲ್ಲಿ ಇಂಥ ಅವಕಾಶಗಳಿಗೆ ಕೊರತೆಯಿಲ್ಲ.

"ಈಗ ಹಣವೆಲ್ಲಾ ಮೊಬೈಲಿನಲ್ಲಿ ಬರುತ್ತದೆ, ಲೆಕ್ಕವನ್ನು ಅದೇ ಇಡುತ್ತದೆ; ಕಿರ್ದಿ ಯಾರಿಗೆ ಬೇಕು?" ಎಂದು ನನ್ನ ಸಹಪಾಠಿಯೊಬ್ಬರು ಕೇಳಿದರು. ೨೦೧೬ರಲ್ಲಿ ಯುಪಿಐ ಬಂದ ಮೇಲೆ ಸಣ್ಣ ಅಂಗಡಿಗಳ ವ್ಯವಹಾರವು ಬದಲಾಗಿರುವುದು ನಿಜ. ನಮ್ಮ ಗಿರಣಿಯಲ್ಲಿಯೂ ಹಣ ಬಂದುದನ್ನು ಕೂಗಿ ಹೇಳುವ ಪೆಟ್ಟಿಗೆಯಿದೆ. ಅದು ಇಪ್ಪತ್ತು ರೂಪಾಯಿ ಬಂತೆಂದು ಹೇಳಬಲ್ಲುದು. ಚೀಲವು ಏಕೆ ಸಣ್ಣದಾಯಿತೆಂದು ಹೇಳಲಾರದು. ಅದನ್ನು ಮನುಷ್ಯನೇ ಬರೆಯಬೇಕು.

"ಹಿಟ್ಟು, ತಕ್ಕಡಿ, ಬೀಸುಗೂಲಿಗಳ ನಡುವೆ ಸಾಹಿತ್ಯ ಹುಟ್ಟೀತೇ? ಸ್ಫೂರ್ತಿಗೆ ಏಕಾಂತ ಬೇಡವೇ?" ಎಂಬುದು ಕಡೆಯ ಆಕ್ಷೇಪ. ಇದನ್ನು ಬೇರೆ ಯಾರು ಕೇಳಿದರೂ ಕನ್ನಡಿಗನು ಕೇಳಬಾರದು. ಹನ್ನೆರಡನೆಯ ಶತಮಾನದ ನಮ್ಮ ವಚನಕಾರರು ಯಾರು? ಅಂಬಿಗರ ಚೌಡಯ್ಯನು ದೋಣಿ ನಡೆಸುವವನು. ನುಲಿಯ ಚಂದಯ್ಯನು ಹಗ್ಗ ಹೊಸೆಯುವವನು. ಮೇದರ ಕೇತಯ್ಯನು ಬಿದಿರಿನ ಕೆಲಸದವನು. ಆಯ್ದಕ್ಕಿ ಲಕ್ಕಮ್ಮನೂ ಮಾರಯ್ಯನೂ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಇವರು ಕಾಯಕವನ್ನು ಬಿಟ್ಟು ವಚನಕ್ಕೆ ಕುಳಿತವರಲ್ಲ. ಚೌಡಯ್ಯನಂತೂ ತನ್ನ ಕಸುಬಿನ ಹೆಸರನ್ನೇ ಅಂಕಿತವಾಗಿ ಮಾಡಿಕೊಂಡನು. ದೋಣಿ, ಹುಟ್ಟು, ಹೊಳೆಗಳು ಅವನ ಕೈಯಲ್ಲಿ ಕಾವ್ಯದ ಸಾಮಗ್ರಿಯಾದುವು. ದುಡಿಮೆಯ ಮಾತು ಸಾಹಿತ್ಯದ ಮಾತಾಗಬಲ್ಲುದೆಂಬುದನ್ನು ಎಂಟುನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟ ನಾಡು ನಮ್ಮದು. ಇತ್ತೀಚಿನ ಕಾಲಕ್ಕೆ ಬಂದರೆ, ಕಾದಂಬರಿಕಾರ ಗಳಗನಾಥರು (೧೮೬೯–೧೯೪೨) ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರಿಗೆ ಬರೆಯುವ ಕೈಯೂ ಮಾರುವ ಕೈಯೂ ಬೇರೆಯಾಗಿರಲಿಲ್ಲ. ನೆರೆನಾಡಿನ ಪಾಂಡಿಚೇರಿಯಲ್ಲಿ ಆನಂದರಂಗ ಪಿಳ್ಳೆ ಎಂಬ ವರ್ತಕರು ೧೭೩೬ರಿಂದ ೧೭೬೧ರವರೆಗೆ ತಮಿಳಿನಲ್ಲಿ ದಿನಚರಿಯನ್ನು ಬರೆದರು. ಹಡಗು ಬಂದುದು, ಸರಕಿನ ಧಾರಣೆ, ಫ್ರೆಂಚರ ಒಳಗಿನ ರಾಜಕಾರಣ, ಎಲ್ಲವೂ ಅದರಲ್ಲಿವೆ. ದಕ್ಷಿಣ ಭಾರತದ ಚರಿತ್ರೆಯನ್ನು ಬರೆಯುವವರು ಇಂದು ಆ ವರ್ತಕರ ಬಾಗಿಲಿಗೆ ಹೋಗಬೇಕಾಗಿದೆ.

ಸಹಪಾಠಿಗಳೇ, ಇನ್ನು ಕೆಲವೇ ವಾರಗಳಲ್ಲಿ ನಮ್ಮ ಅಂತಿಮ ಪರೀಕ್ಷೆಗಳು ಮುಗಿಯುತ್ತವೆ. ಆಮೇಲೆ ನಮಗೆ "ಪ್ರಬಂಧ ಬರೆಯಿರಿ" ಎಂದು ಹೇಳುವವರು ಯಾರೂ ಇರುವುದಿಲ್ಲ. ಬರೆದರೆ ತಿದ್ದುವವರೂ ಇರುವುದಿಲ್ಲ. ನಮ್ಮಲ್ಲಿ ಕೆಲವರಿಗೆ ಉದ್ಯೋಗ ದೊರೆಯಬಹುದು. ಬಹುಮಂದಿ ಅಂಗಡಿಗೆ, ಹೊಲಕ್ಕೆ, ಗಾಡಿಗೆ, ಗಿರಣಿಗೆ ಹಿಂದಿರುಗುತ್ತೇವೆ. "ಓದಿದ್ದು ದಂಡವಾಯಿತು" ಎಂಬ ಮಾತನ್ನು ಕೇಳಬೇಕಾಗಿ ಬರುವುದು ಆಗ. ಮೊದಲ ಸಲ ಅಕ್ಷರ ಕಂಡ ಮನೆಗಳಲ್ಲಿ ಆ ಮಾತಿಗೆ ಬಹಳ ಭಾರವುಂಟು. ಏಕೆಂದರೆ ಆ ಮನೆಗಳು ನಮ್ಮ ಓದಿಗಾಗಿ ಏನನ್ನು ಒತ್ತೆಯಿಟ್ಟವೆಂಬುದು ಅವರವರ ಕಿರ್ದಿಗೆ ಗೊತ್ತು. ಒತ್ತೆಯನ್ನು ಬಿಡಿಸುವುದು ಹಣದಿಂದ ಆಗತಕ್ಕ ಕೆಲಸ. ಅದನ್ನು ದುಡಿದು ಮಾಡೋಣ. ಆದರೆ ಓದು ದಂಡವಾಗದಂತೆ ನೋಡಿಕೊಳ್ಳುವುದು ದಿನಕ್ಕೆ ಇಪ್ಪತ್ತು ಸಾಲುಗಳಿಂದ ಆಗತಕ್ಕ ಕೆಲಸ. ಪದವಿ ಪತ್ರವು ಗೋಡೆಯ ಮೇಲೆ ಹಳದಿಯಾಗುವುದು. ಬರೆಯುವ ಕೈ ಬಳಸಿದಷ್ಟೂ ಹದವಾಗುವುದು.

ಕಳೆದ ಜೂನ್ ತಿಂಗಳಲ್ಲಿ ಆರಂಭಿಸಿದ ನನ್ನ ಪುಸ್ತಕಗಳು ಈಗ ಮೂರಾಗಿವೆ. ಅವುಗಳಲ್ಲಿ ಅಚ್ಚಿಗೆ ಯೋಗ್ಯವಾದುದು ಬಹಳವಿಲ್ಲ. ಈ ಲೇಖನವೂ ಖಾತೆಯ ಒಂದು ಪುಟದಿಂದಲೇ ಎತ್ತಿ ಬರೆದದ್ದು. ಹನಿ ಹನಿ ಕೂಡಿ ಹಳ್ಳವೆಂಬ ಗಾದೆಯಂತೆ, ದಿನಕ್ಕೆ ಇಪ್ಪತ್ತು ಸಾಲೆಂದರೆ ವರ್ಷಕ್ಕೆ ೭,೩೦೦ ಸಾಲು. ಇದು ವ್ಯಾಪಾರಿಯ ಲೆಕ್ಕ, ಇದರಲ್ಲಿ ತಪ್ಪಿಲ್ಲ. ನಿಮ್ಮ ನಿಮ್ಮ ಅಂಗಡಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಪ್ರತಿದಿನವೂ ನಡೆದು, ಯಾರೂ ಬರೆದಿಡದೆ ಅಳಿದುಹೋಗುತ್ತಿರುವುದು ಎಷ್ಟಿದೆಯೆಂದು ಒಮ್ಮೆ ಯೋಚಿಸಿ ನೋಡಿರಿ. ಅದನ್ನು ನಿಮ್ಮಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಒಂದು ಪುಸ್ತಕವನ್ನು ಕೊಂಡು ಇಂದಿನ ದಿನಾಂಕವನ್ನು ಹಾಕಿರಿ. ಹಿಂದಿನ ಶಿಲ್ಕು ಸೊನ್ನೆಯಾಗಿದ್ದರೂ ಚಿಂತೆಯಿಲ್ಲ. ಎಲ್ಲ ಕಿರ್ದಿಗಳೂ ಮೊದಲ ಪುಟದಿಂದಲೇ ಆರಂಭವಾಗತಕ್ಕವು.